ಕಾಳಿಯ ಗೇಟು, ಅಳಿವೆಯ ಬಳಚು

ದಾಂಡೇಲಿಯ ಪಕ್ಕದ ಮೌಳಂಗಿಯಲ್ಲಿ ಕಾಳಿ ನದಿಗೆ ಒಂದೇ ದಿನದಲ್ಲಿ ಎರಡು ಮುಖ. ಬೆಳಿಗ್ಗೆ ನೀರಿಗೆ ಇಳಿದವರಿಗೆ ಕಂಡ ಬಂಡೆಗಳು ಸ್ವಲ್ಪ ಹೊತ್ತಿನಲ್ಲಿ ಮುಳುಗಿ ಹೋಗಿರುತ್ತವೆ. ಕೆಲವು ಗಂಟೆ ಕಳೆದರೆ ಮತ್ತೆ ಮೇಲೇಳುತ್ತವೆ. ಎಲ್ಲಿಯೂ ಒಂದು ಹನಿ ಮಳೆ ಬಿದ್ದಿರುವುದಿಲ್ಲ. ಮೇಲೆ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದರೆ ನೀರು ಏರುತ್ತದೆ, ನಿಂತರೆ ಇಳಿಯುತ್ತದೆ. ಗಣೇಶಗುಡಿಯಿಂದ ರಾಫ್ಟಿನಲ್ಲಿ ಪ್ರವಾಸಿಗರನ್ನು ಇಳಿಸುವವರು ಪಂಚಾಂಗ ನೋಡುವುದಿಲ್ಲ, ನೀರು ಬಿಡುವ ಹೊತ್ತನ್ನು ವಿಚಾರಿಸುತ್ತಾರೆ. ದಡದ ಜನರೂ ಹಾಗೆಯೇ. ದನಕರುಗಳನ್ನು ಯಾವಾಗ ನದಿ ದಾಟಿಸಬೇಕು, ಮಕ್ಕಳನ್ನು ಯಾವಾಗ ನೀರಿಗೆ ಬಿಡಬಾರದು ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಇದೇ ನದಿ ಘಟ್ಟ ಇಳಿದು ಕಾರವಾರದ ಬಳಿ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಕಡಲು ಸೇರುತ್ತದೆ. ಅಲ್ಲಿಯೂ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆದರೆ ಆ ಏರಿಳಿತ ಚಂದ್ರನದು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಮೇಲಿನಿಂದ ಬರುವ ಯಂತ್ರದ ನೀರು, ಕೆಳಗಿನಿಂದ ಬರುವ ಚಂದ್ರನ ನೀರು ಎರಡೂ ಸೇರುವ ಕೆಸರು-ಮರಳಿನ ಬಯಲಿನಲ್ಲಿ ಒಂದು ಸಣ್ಣ ಜೀವ ವಾಸವಾಗಿದೆ. ಕುಮಟಾ ಕಡೆಯವರು ಅದನ್ನು ಬಳಚು ಎನ್ನುತ್ತಾರೆ. ಕಾರವಾರದ ಕೊಂಕಣಿಗರಿಗೆ ಅದು ತಿಸ್ರ್ಯೊ, ತುಳುವರಿಗೆ ಮರುವಾಯಿ. ಎರಡು ಚಿಪ್ಪುಗಳ ನಡುವೆ ಅಡಗಿ ಕುಳಿತು, ನೀರನ್ನು ಒಳಗೆಳೆದು ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುವ ಪ್ರಾಣಿ. ಕಾಲಿದೆ, ಆದರೆ ನಡೆಯುವುದಕ್ಕಿಂತ ಹೂತುಕೊಳ್ಳುವುದಕ್ಕೇ ಅದರ ಬಳಕೆ ಹೆಚ್ಚು. ನೀರು ಕೆಟ್ಟಿತೆಂದು ಮೀನಿನಂತೆ ಬೇರೆಡೆಗೆ ಹೋಗುವ ಸ್ವಾತಂತ್ರ್ಯ ಅದಕ್ಕಿಲ್ಲ.

ಘಟ್ಟದ ಮೇಲಿನವರಿಗೆ ಈ ಬಳಚಿನ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. ಜೋಯಿಡಾ, ಹಳಿಯಾಳದ ಹಳ್ಳಿಗಳಲ್ಲಿ ಅದನ್ನು ಅಡುಗೆಗೆ ಬಳಸುವವರು ಕಡಿಮೆ. ಆದರೆ ಎಲೆಅಡಿಕೆಯ ಸಂಚಿಯೊಳಗಿನ ಸುಣ್ಣದ ಡಬ್ಬಿಯನ್ನು ತೆರೆದು ನೋಡಿದರೆ ಸಂಬಂಧ ಹೊಳೆಯುತ್ತದೆ. ಕರಾವಳಿಯ ಸುಣ್ಣದ ಗೂಡುಗಳಲ್ಲಿ ಚಿಪ್ಪನ್ನು ಸುಟ್ಟು ತಯಾರಿಸಿದ ಸುಣ್ಣ ತಲೆಮಾರುಗಳಿಂದ ಘಟ್ಟ ಹತ್ತಿದೆ. ಮನೆಯ ಗೋಡೆಗೆ ಬಳಿದದ್ದು ಅದು. ಗುಂದ, ಉಳವಿ ಸೀಮೆಯ ಅಡಿಕೆ ತೋಟಗಳಲ್ಲಿ ಮಳೆಗಾಲದ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಜೊತೆಗೆ ಸೇರುವುದೂ ಸುಣ್ಣವೇ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಅದಕ್ಕೆ ಚಿಪ್ಪಿನ ಸುಣ್ಣವೇ ಆಗಬೇಕೆಂದು ಹಟ ಹಿಡಿಯುವ ಕೃಷಿಕರು ಇಂದಿಗೂ ಇದ್ದಾರೆ. ಘಟ್ಟದ ನೀರು ಅಳಿವೆಗೆ ಇಳಿಯುತ್ತದೆ, ಅಳಿವೆಯ ಚಿಪ್ಪು ಸುಣ್ಣವಾಗಿ ಘಟ್ಟಕ್ಕೆ ಏರುತ್ತದೆ. ಈ ಕೊಡುಕೊಳ್ಳುವಿಕೆ ಅಣೆಕಟ್ಟುಗಳಿಗಿಂತ ಬಹಳ ಹಳೆಯದು.

ಬಳಚು ಬೆಳೆಯಬೇಕಾದರೆ ಏನೇನು ಬೇಕು? ಮೊದಲನೆಯದು ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಮೌಳಂಗಿಯ ನೀರಿನಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಇವೆರಡರ ನಡುವಿನ ಎಲ್ಲ ಹಂತಗಳೂ ಅಳಿವೆಯಲ್ಲಿವೆ. ಕಡಲಿನ ಬಾಯಿಗೆ ಹತ್ತಿರ ಉಪ್ಪು ಹೆಚ್ಚು, ಹೊಳೆಯ ಕಡೆಗೆ ಹೋದಂತೆ ಕಡಿಮೆ. ಬಳಚಿನ ಜಾತಿಗಳು ಈ ಮೆಟ್ಟಿಲುಗಳನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡಿವೆ. ವಿಜ್ಞಾನಿಗಳು ಪಾಫಿಯಾ ಮಲಬಾರಿಕಾ ಎಂದು ಕರೆಯುವ, ಮಾರುಕಟ್ಟೆಯಲ್ಲಿ ಬೇಡಿಕೆಯುಳ್ಳ ಬಳಚು ಬಾಯಿಯ ಸಮೀಪದ ಉಪ್ಪುನೀರನ್ನು ಬಯಸುತ್ತದೆ. ಮೆರೆಟ್ರಿಕ್ಸ್ ಕುಲದವು ಅದಕ್ಕಿಂತ ಮೇಲೆ. ವಿಲ್ಲೊರಿಟಾ ಎಂಬ ಕಪ್ಪು ಚಿಪ್ಪಿನದು ಎಲ್ಲಕ್ಕಿಂತ ಮೇಲೆ, ಬಹುತೇಕ ಸಿಹಿಯಾದ ನೀರಿನಲ್ಲಿಯೂ ಬದುಕಬಲ್ಲದು.

ಈ ಹಂಚಿಕೆ ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಜೂನ್‌ನಲ್ಲಿ ಘಟ್ಟದ ಮಳೆ ಇಳಿದಾಗ ಇಡೀ ಅಳಿವೆ ಸಿಹಿಯಾಗುತ್ತದೆ. ಬಳಚು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು, ತಿನ್ನದೆ ಕೆಲವು ದಿನ ತಡೆಯುತ್ತದೆ. ಉಬ್ಬರದ ಜೊತೆ ತಳದಲ್ಲಿ ಜಾರಿ ಬರುವ ಉಪ್ಪುನೀರು (ಅದು ಭಾರವಾದ್ದರಿಂದ ಸಿಹಿನೀರಿನ ಅಡಿಯಲ್ಲಿ ನುಸುಳುತ್ತದೆ) ಸಿಕ್ಕಾಗ ಬಾಯಿ ತೆರೆಯುತ್ತದೆ. ಪ್ರವಾಹ ದೀರ್ಘವಾದರೆ ಬಹಳಷ್ಟು ಸಾಯುತ್ತವೆ. ಆದರೆ ಅದೇ ಪ್ರವಾಹ ಕಾಡಿನ ಗೊಬ್ಬರವನ್ನು, ಮರಳನ್ನು, ಮೆಕ್ಕಲನ್ನು ಹೊತ್ತು ತಂದು ಬಯಲನ್ನು ಹೊಸದಾಗಿಸುತ್ತದೆ. ಮಳೆ ನಿಂತ ಮೇಲೆ ಉಪ್ಪು ಮೆಲ್ಲಗೆ ಮೇಲೇರುತ್ತದೆ, ಪಾಚಿ ಬೆಳೆಯುತ್ತದೆ, ಬಳಚು ದಷ್ಟಪುಷ್ಟವಾಗಿ ಸಂತಾನಕ್ಕೆ ಸಿದ್ಧವಾಗುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಗೆ ಚಿಪ್ಪೂ ಇಲ್ಲ, ನೆಲೆಯೂ ಇಲ್ಲ. ಸುಮಾರು ಎರಡು ವಾರ ಅದು ನೀರಿನಲ್ಲಿ ತೇಲುತ್ತದೆ. ಆ ಅವಧಿಯಲ್ಲಿ ಉಪ್ಪು ಏಕಾಏಕಿ ಕುಸಿಯಬಾರದು, ಹರಿವು ಅದನ್ನು ಕಡಲಿಗೆ ಎಸೆಯಬಾರದು. ಅನಂತರ ಕೂರಲು ಮರಳಿನ ಕಣ ಬೇಕು. ತೀರಾ ನುಣುಪಾದ ಕೆಸರಾದರೆ ಉಸಿರು ಕಟ್ಟುತ್ತದೆ, ಬರೀ ದಪ್ಪ ಮರಳಾದರೆ ಆಹಾರ ನಿಲ್ಲುವುದಿಲ್ಲ.

ಇಳಿತದ ಹೊತ್ತಿನಲ್ಲಿ ಬಯಲು ಬಿಸಿಲಿಗೆ ತೆರೆದುಕೊಂಡಾಗ ಅಂಬಿಗರ, ಹರಿಕಾಂತರ, ಹಾಲಕ್ಕಿಗಳ, ಗಾಮೊಕ್ಕಲರ ಹೆಂಗಸರು ಬುಟ್ಟಿ ಹಿಡಿದು ಕೆಸರಿಗೆ ಇಳಿಯುತ್ತಾರೆ. ಬೆರಳಿನಿಂದಲೇ ತಡಕಿ ಬಳಚನ್ನು ಹೆಕ್ಕುತ್ತಾರೆ. ಆಳದ ನೀರಿನಲ್ಲಿ ಗಂಡಸರು ದೋಣಿಯಿಂದ ಮುಳುಗುತ್ತಾರೆ. ಬಲೆ, ಯಂತ್ರದ ದೋಣಿ, ಡೀಸೆಲ್ ಯಾವುದೂ ಬೇಡ, ಬಂಡವಾಳವೆಂದರೆ ಒಂದು ಬುಟ್ಟಿ. ಉತ್ತರ ಕನ್ನಡದಲ್ಲಿ ಬಳಚಿನ ಕೃಷಿ ಎಂದರೆ ಬಹುಮಟ್ಟಿಗೆ ಇದೇ. ಬಿತ್ತುವವರು ಹೊಳೆ ಮತ್ತು ಕಡಲು, ಕೊಯ್ಯುವವರು ಮಾತ್ರ ಮನುಷ್ಯರು. ಹಾಗಾಗಿ ಬಿತ್ತನೆ ಕೆಟ್ಟರೆ ಅದನ್ನು ಸರಿಪಡಿಸುವ ಸಾಧನ ಆ ಹೆಂಗಸರ ಕೈಯಲ್ಲಿ ಇರುವುದಿಲ್ಲ. ಅದು ಘಟ್ಟದ ಮೇಲೆ ಗೇಟು ತಿರುಗಿಸುವವರ ಕೈಯಲ್ಲಿದೆ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಶರಾವತಿ ಮತ್ತು ಅಘನಾಶಿನಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ಸಹ್ಯಾದ್ರಿಯ ಮಳೆಯಿಂದ ತುಂಬುವ ಹೊಳೆಗಳು. ಒಂದು ಹೊನ್ನಾವರದಲ್ಲಿ, ಇನ್ನೊಂದು ಕುಮಟಾ ತಾಲೂಕಿನ ತದಡಿಯಲ್ಲಿ ಕಡಲು ಸೇರುತ್ತದೆ. ಎರಡೂ ಕಡೆ ಬಳಚು ಹೆಕ್ಕುವ ಸಮುದಾಯಗಳು ಬಹುತೇಕ ಒಂದೇ, ತಿನ್ನುವ ರೂಢಿಯೂ ಒಂದೇ. ದೊಡ್ಡ ವ್ಯತ್ಯಾಸ ಒಂದೇ ಒಂದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಸಿರಸಿಯ ನೆತ್ತಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ಈವರೆಗೆ ಅಣೆಕಟ್ಟಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಎಂ. ಬೂಮಿನಾಥನ್, ಎಂ.ಡಿ. ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಅವರು ಈ ಅಳಿವೆಗಳಲ್ಲಿ ನಡೆದಾಡಿ ಅಧ್ಯಯನ ಮಾಡಿದ್ದಾರೆ. 2008ರ ಅವರ ವರದಿಯ ಪ್ರಕಾರ ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳ ಕೊಯ್ಲಾಗುತ್ತಿತ್ತು. ಅಂದಿನ ಬೆಲೆಯಲ್ಲಿ ಅದರ ಮೌಲ್ಯ ಸುಮಾರು 5.78 ಕೋಟಿ ರೂಪಾಯಿ. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ನೇರ ಕೆಲಸ. ಶರಾವತಿಯ ಕಥೆ ಬೇರೆ. ವಿದ್ಯುತ್ತಿಗಾಗಿ ಬೇಸಿಗೆಯಲ್ಲಿಯೂ ಬಿಡುವ ನೀರು ಅಳಿವೆಯನ್ನು ವರ್ಷವಿಡೀ ಸಿಹಿಯಾಗಿಸಿಬಿಟ್ಟಿದೆ ಎಂದು ಅದೇ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಉಪ್ಪು ಬಯಸುವ ಬಳಚುಗಳು ನೆಲೆ ಕಳೆದುಕೊಂಡವು. ಸಿಹಿನೀರಿಗೆ ಒಗ್ಗುವ ಕಪ್ಪು ಬಳಚಿನ ಕಾಲ ಬಂತು. ಶರಾವತಿಯಲ್ಲಿ ವಿಷ ಹಾಕಿದವರಾರೂ ಇರಲಿಲ್ಲ. ಕುಡಿಯಲು ಯೋಗ್ಯವಾದ ಶುದ್ಧ ನೀರೇ, ಬರಬಾರದ ಕಾಲದಲ್ಲಿ ಬಂದು, ಒಂದು ಕಸುಬನ್ನು ಮುಗಿಸಿತು. ಮಾಲಿನ್ಯವೆಂದರೆ ಕಪ್ಪು ನೊರೆ ಮಾತ್ರ ಎಂದುಕೊಂಡವರು ಈ ಸಂಗತಿಯನ್ನು ಎರಡು ಸಲ ಓದಬೇಕು.

ಬೇಸಿಗೆಯಲ್ಲಿ ಹೊಳೆ ತುಂಬಿ ಹರಿದರೆ ಒಳ್ಳೆಯದಲ್ಲವೇ ಎಂದು ಘಟ್ಟದ ಹಳ್ಳಿಗಳಲ್ಲಿ ಕೇಳುವವರಿದ್ದಾರೆ. ಮಾರ್ಚ್ ತಿಂಗಳಲ್ಲಿ ಬಾವಿ ಬತ್ತಿದವರಿಗೆ ಹಾಗೆ ಅನ್ನಿಸುವುದು ತಪ್ಪಲ್ಲ. ಆದರೆ ಭತ್ತದ ಗದ್ದೆಗೆ ಕೊಯ್ಲಿನ ಹೊತ್ತಿನಲ್ಲಿ ನೀರು ನಿಂತರೆ ಆಗುವುದೇನು ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಮಾವಿನ ಹೂವಿಗೆ ಜನವರಿಯ ಮಳೆ ಏನು ಮಾಡುತ್ತದೆಂಬುದೂ ಗೊತ್ತು. ಬಳಚಿನ ಬಯಲೂ ಒಂದು ಗದ್ದೆಯೇ.

ಇನ್ನು ಕಾಳಿ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿಯುವ ಈ ನದಿಯಲ್ಲಿ ಸ್ವತಂತ್ರವಾಗಿ ಹರಿಯುವ ಭಾಗ ಎಷ್ಟು ಉಳಿದಿದೆ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ನೋಡಬಹುದು. ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. 1987ರ ಹೊತ್ತಿಗೆ ಅದು ಪೂರ್ಣಗೊಂಡಾಗ ಹಳೆಯ ಸೂಪಾ ಪೇಟೆಯೇ ಮುಳುಗಿ, ಅಲ್ಲಿನ ಜನ ರಾಮನಗರಕ್ಕೆ ಹೋದರು. ಅಲ್ಲಿಂದ ಬಿಟ್ಟ ನೀರು ಮೌಳಂಗಿ, ದಾಂಡೇಲಿಗಳನ್ನು ದಾಟಿ ಬೊಮ್ಮನಹಳ್ಳಿಯಲ್ಲಿ ಮತ್ತೆ ತಡೆಗೊಳ್ಳುತ್ತದೆ. ಬೊಮ್ಮನಹಳ್ಳಿಯಿಂದ ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರಕ್ಕೆ, ಅಲ್ಲಿಂದ ಕೊಡಸಳ್ಳಿ ಜಲಾಶಯಕ್ಕೆ, ಮುಂದೆ ಕದ್ರಾಕ್ಕೆ. ಕೊನೆಯ ಎರಡು 1990ರ ದಶಕದ ಅಂತ್ಯದಲ್ಲಿ ಬಂದವು. ಕದ್ರಾ ಜಲಾಶಯದ ದಡದಲ್ಲಿಯೇ ಕೈಗಾ ಅಣುಸ್ಥಾವರ. ಅದರ ಮೊದಲ ಘಟಕಗಳು 2000ರಲ್ಲಿ ಕೆಲಸ ಆರಂಭಿಸಿದವು. ಯಂತ್ರ ತಣಿಸಿದ ಬಿಸಿನೀರು ಮರಳುವುದು ಇದೇ ಜಲಾಶಯಕ್ಕೆ. ಕದ್ರಾದಿಂದ ಹೊರಬಂದ ಮೇಲೆ ನದಿಗೆ ತನ್ನದೆಂದು ಉಳಿಯುವುದು ಸುಮಾರು 35 ಕಿಲೋಮೀಟರ್.

ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದೇ ಇಂಥ ಸರಣಿಯ ಉದ್ದೇಶ. ಹಾಗಾಗಿ ಹಿಂದೆ ಬೇಸಿಗೆಯಲ್ಲಿ ಕೃಶವಾಗುತ್ತಿದ್ದ ಕಾಳಿ ಈಗ ಅದೇ ಕಾಲದಲ್ಲಿ ಹೆಚ್ಚು ನೀರನ್ನು ಅಳಿವೆಗೆ ತರುತ್ತದೆ. ಉಪ್ಪುನೀರು ಮೇಲೇರುತ್ತಿದ್ದ ಗಡಿ ಕಡಲಿನ ಕಡೆಗೆ ಸರಿಯಲೇಬೇಕು. ಅದರ ಮೇಲೆ ದಿನದ ಏರಿಳಿತ. ವಿದ್ಯುತ್ತಿನ ಬೇಡಿಕೆ ಸಂಜೆ ಹೆಚ್ಚು, ನಡುರಾತ್ರಿ ಕಡಿಮೆ. ಅದಕ್ಕೆ ತಕ್ಕಂತೆ ಹರಿವು ಕುಣಿದರೆ ಕೆಳಗೆ ಉಪ್ಪೂ ಕುಣಿಯುತ್ತದೆ. ಬಳಚು ಚಿಪ್ಪು ಮುಚ್ಚಿಕೊಂಡಷ್ಟು ಹೊತ್ತು ಉಪವಾಸ. ಋತುವಿಗೊಮ್ಮೆ ಬರುವ ಸಂಕಟಕ್ಕೆ ಅದರ ದೇಹ ಸಾವಿರಾರು ವರ್ಷಗಳಿಂದ ಹೊಂದಿಕೊಂಡಿದೆ, ಗಂಟೆಗೊಮ್ಮೆ ಬದಲಾಗುವ ನೀರಿಗೆ ಹೊಂದಿಕೊಂಡಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಮಳೆ ಜೋರಾಗಿ ಜಲಾಶಯ ತುಂಬಿದಾಗ ಗೇಟುಗಳನ್ನು ಒಟ್ಟಿಗೆ ತೆರೆಯುವುದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕದ್ರಾದಿಂದ ಬಿಟ್ಟ ನೀರು ಕಾರವಾರ ತಾಲೂಕಿನ ದಡದ ಹಳ್ಳಿಗಳ ಮನೆಗಳಿಗೆ ನುಗ್ಗಿತು. ಮನೆ ಕಳೆದುಕೊಂಡವರ ಲೆಕ್ಕವನ್ನು ಸರ್ಕಾರ ತೆಗೆದುಕೊಳ್ಳುತ್ತದೆ, ತಡವಾಗಿಯಾದರೂ. ಆ ವೇಗಕ್ಕೆ ಕೊಚ್ಚಿಹೋದ ಅಥವಾ ಹೂಳಿನಡಿ ಸಿಕ್ಕ ಬಳಚಿನ ಬಯಲಿಗೆ ಪಂಚನಾಮೆ ಇರುವುದಿಲ್ಲ. ಬೆಳೆ ಪರಿಹಾರದ ಅರ್ಜಿಯಲ್ಲಿ ಭತ್ತಕ್ಕೆ, ತೆಂಗಿಗೆ ಸಾಲುಗಳಿವೆ. ಪಹಣಿ ಇಲ್ಲದ ಕೆಸರಿನಲ್ಲಿ ಹೆಂಗಸು ಹೆಕ್ಕುವ ಬಳಚನ್ನು ಬರೆಯಲು ಸಾಲು ಎಲ್ಲಿದೆ?

ಮರಳಿನ ಮಾತೂ ಇದೆ. ಹೊಳೆ ತರುವ ಮರಳಿನ ದೊಡ್ಡ ಪಾಲು ಜಲಾಶಯಗಳ ತಳದಲ್ಲಿ ಕುಳಿತುಬಿಡುತ್ತದೆ. ಉಳಿದದ್ದನ್ನು ಅಳಿವೆಯಲ್ಲಿ ಮನೆ ಕಟ್ಟಲು ಬಗೆಯುತ್ತಾರೆ. ಬಳಚಿನ ಮರಿ ಕೂರುವ ಕಣವೇ ಲಾರಿ ಹತ್ತಿ ಹೋಗುತ್ತಿರುವಾಗ ಉಪ್ಪನ್ನು ಮಾತ್ರ ಸರಿಪಡಿಸಿ ಪ್ರಯೋಜನವಿಲ್ಲ. ದಾಂಡೇಲಿಯಂಥ ಉದ್ಯಮದ ಊರಿನಿಂದ ನದಿಗೆ ಸೇರುವ ತ್ಯಾಜ್ಯನೀರು ಮತ್ತು ಚರಂಡಿಯ ಪ್ರಶ್ನೆ ಹಳೆಯದು, ಈ ಪುಟಗಳ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಬಳಚು ದಿನವಿಡೀ ನೀರು ಸೋಸುವ ಪ್ರಾಣಿಯಾದ್ದರಿಂದ ನೀರಿನಲ್ಲಿರುವ ಭಾರಲೋಹವೂ, ರೋಗಾಣುವೂ ಅದರ ಮಾಂಸದಲ್ಲಿ ಶೇಖರವಾಗುತ್ತವೆ ಎಂಬುದನ್ನು ಮಾತ್ರ ನೆನಪಿಸಬಹುದು. ಮೇಲೆ ಬಿಟ್ಟದ್ದು ಕೆಳಗಿನ ಬಟ್ಟಲಿಗೆ ಬರುತ್ತದೆ.

ಎಲ್ಲ ದೋಷವನ್ನೂ ಘಟ್ಟದ ಮೇಲೆ ಹೊರಿಸುವುದು ಸತ್ಯಕ್ಕೆ ಅಪಚಾರವಾದೀತು. ಕರಾವಳಿಯವರೂ ಬಳಚಿಗೆ ಒಳ್ಳೆಯದನ್ನೇ ಮಾಡಿದ್ದಾರೆಂದಲ್ಲ. ಬೆಲೆ ಬಂತೆಂದು ಬೆರಳಿನ ಉಗುರಿನಷ್ಟು ಚಿಕ್ಕದನ್ನೂ ಗೋಣಿಚೀಲಕ್ಕೆ ತುಂಬಿ ಹೊರರಾಜ್ಯಕ್ಕೆ ಕಳಿಸುವುದು ಇದೆ. ಅಳಿವೆಯ ತಳದಲ್ಲಿ ಶತಮಾನಗಳಿಂದ ಕೂಡಿಬಿದ್ದ ಸತ್ತ ಚಿಪ್ಪುಗಳನ್ನು ಕಾರ್ಖಾನೆಗಳಿಗಾಗಿ ಅಗೆದು ತೆಗೆದದ್ದೂ ಇದೆ. ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಗಳನ್ನು 1990ರ ದಶಕದಲ್ಲಿ ಸಿಗಡಿ ಹೊಂಡಗಳಾಗಿ ಮಾಡಿ, ಬಿಳಿಚುಕ್ಕೆ ರೋಗ ಬಂದ ಮೇಲೆ ಕೈಬಿಟ್ಟ ಕಥೆ ಕುಮಟಾ, ಅಂಕೋಲೆಗಳಲ್ಲಿ ಎಲ್ಲರಿಗೂ ಗೊತ್ತು. ಉಬ್ಬರದ ನೀರು ಹರಡಿಕೊಳ್ಳುತ್ತಿದ್ದ ಜಾಗಕ್ಕೆ ಕಟ್ಟೆ ಬಿದ್ದರೆ ಬಳಚಿನ ಬಯಲಿನ ಹರಿವೂ ಬದಲಾಗುತ್ತದೆ. ಬಳಚು ಹೆಕ್ಕುವವರು ತಮ್ಮೊಳಗೇ ಗಾತ್ರದ ಮಿತಿ, ರಜೆಯ ಕಾಲ ಇಟ್ಟುಕೊಳ್ಳಬೇಕೆಂಬುದು ನ್ಯಾಯವಾದ ಬೇಡಿಕೆ.

ಹಾಗೆ ಮಾಡಿ ತೋರಿಸಿದವರೂ ಇದ್ದಾರೆ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ 1990ರ ದಶಕದಿಂದಲೇ ಬಳಚಿನ ಸಂತಾನದ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಲು ನಿಲ್ಲಿಸುತ್ತಾರೆ. ಬಲೆಯ ಕಣ್ಣಿನ ಗಾತ್ರಕ್ಕೂ, ಮಾರುವ ಬಳಚಿನ ಗಾತ್ರಕ್ಕೂ ಮಿತಿ ಇದೆ. 2014ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ದೊರೆಯಿತು, ಭಾರತದಲ್ಲಿ ಅಂಥದ್ದು ಮೊದಲನೆಯದು. ಆದರೆ ಅದೇ ಕೇರಳದ ವೆಂಬನಾಡಿನಲ್ಲಿ ಇನ್ನೊಂದು ಪಾಠವಿದೆ. ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದಿರಲೆಂದು ತಣ್ಣೀರ್‌ಮುಕ್ಕಂನಲ್ಲಿ 1970ರ ದಶಕದಲ್ಲಿ ತಡೆಗೋಡೆ ಕಟ್ಟಿದರು. ಸಿಹಿನೀರಿಗೂ ಒಗ್ಗುವ ಕಪ್ಪು ಬಳಚೇ ಅಲ್ಲಿ ಕಷ್ಟಕ್ಕೆ ಸಿಕ್ಕಿತು. ಬದುಕಲು ಅದಕ್ಕೆ ಉಪ್ಪು ಕಡಿಮೆಯಿದ್ದರೂ ಸಾಕು, ಸಂತಾನಕ್ಕೆ ಮಾತ್ರ ಲೀಟರಿಗೆ ಹತ್ತು ಗ್ರಾಂ ಆಸುಪಾಸು ಬೇಕು. ಗೋಡೆಯ ಒಳಗಿನ ನೀರಿನಲ್ಲಿ ಅಷ್ಟು ಉಪ್ಪು ಏರುವುದೇ ಕಷ್ಟವಾಯಿತು. ಹೆಕ್ಕುವವರು ಎಷ್ಟೇ ಶಿಸ್ತಿನಿಂದಿದ್ದರೂ ಗೋಡೆಯ ಬಾಗಿಲು ಯಾವಾಗ ತೆರೆಯಬೇಕೆಂಬ ತೀರ್ಮಾನ ಬೇರೆಯವರದಾದರೆ ಶಿಸ್ತು ಅರ್ಧ ದಾರಿ ಮಾತ್ರ ಹೋಗಬಲ್ಲದು. ಶರಾವತಿಯಲ್ಲಿ ಇಂದು ಕಪ್ಪು ಬಳಚು ಇದೆಯಲ್ಲ ಎಂದು ಸಮಾಧಾನ ಹೇಳುವವರು ವೆಂಬನಾಡನ್ನು ಗಮನಿಸುವುದು ಒಳಿತು.

ಈಗ ಮಾತು ಅಘನಾಶಿನಿಗೆ ಮರಳಬೇಕು. 2024ರ ಜನವರಿಯಲ್ಲಿ ಆ ಅಳಿವೆಗೆ ರಾಮ್ಸಾರ್ ಮಾನ್ಯತೆ ದೊರೆಯಿತು. 4,801 ಹೆಕ್ಟೇರ್ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ತದಡಿಯಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರ ಬರುತ್ತದೆಂದಾಗ 2000ದ ದಶಕದಲ್ಲಿ ಜನ ಎದ್ದು ನಿಂತದ್ದಕ್ಕೆ ಸಿಕ್ಕ ತಡವಾದ ಮನ್ನಣೆ ಎಂದೂ ಅದನ್ನು ಭಾವಿಸಬಹುದು. ಆದರೆ ಫಲಕ ನೆಟ್ಟ ಅಳಿವೆಗೆ ನೀರು ಕೊಡುವ ಹೊಳೆಯನ್ನೇ ಪೂರ್ವಕ್ಕೆ ತಿರುಗಿಸುವ ಮಾತು ಜೊತೆಜೊತೆಗೇ ನಡೆದಿದೆ. ಬೇಡ್ತಿ-ವರದಾ, ಅಘನಾಶಿನಿ-ವೇದಾವತಿ ಜೋಡಣೆಗಳ ಪ್ರಸ್ತಾಪಗಳಲ್ಲಿ ಪದೇ ಪದೇ ಬರುವ ವಾಕ್ಯ ಒಂದಿದೆ: ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ.

ಈ ವಾಕ್ಯವನ್ನು ಬರೆದವರು ಒಮ್ಮೆಯಾದರೂ ಇಳಿತದ ಹೊತ್ತಿನಲ್ಲಿ ಅಳಿವೆಗೆ ಹೋಗಿ ನೋಡಿದ್ದರೆ ಪೆನ್ನು ತಡೆಯುತ್ತಿತ್ತು. ಶರಾವತಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಹೆಚ್ಚು ನೀರು ಕೆಡಿಸಿತು, ಇಲ್ಲಿ ಬರಬೇಕಾದ ಕಾಲದಲ್ಲಿ ಬಾರದ ನೀರು ಕೆಡಿಸೀತು. ಮಳೆಗಾಲದ ಹರಿವು ಕುಗ್ಗಿದರೆ ಕಾಡಿನ ಸಾರ ಕೆಳಗಿಳಿಯುವುದಿಲ್ಲ, ಬಯಲಿನ ಹಳೆಯ ಹೂಳು ತೊಳೆದುಹೋಗುವುದಿಲ್ಲ, ಉಪ್ಪುನೀರು ಹೊಳೆಯಲ್ಲಿ ಮತ್ತಷ್ಟು ಮೇಲೇರಿ ಬಾವಿಗಳಿಗೂ ತಲುಪುತ್ತದೆ. ಉಪ್ಪು ಕಡಿಮೆ ಬಯಸುವ ಕಪ್ಪು ಬಳಚಿಗೆ ಜಾಗ ಕಿರಿದಾಗುತ್ತದೆ. ವರ್ಷಕ್ಕೆ ಸಾವಿರಾರು ಟನ್ ಆಹಾರವನ್ನು, ಯಾರ ಸಹಾಯಧನವೂ ಇಲ್ಲದೆ, ಯಾರ ಸಾಲವೂ ಇಲ್ಲದೆ ಬೆಳೆದುಕೊಟ್ಟ ನೀರನ್ನು ವ್ಯರ್ಥವೆನ್ನುವುದು ಲೆಕ್ಕದ ತಪ್ಪು. ಬಯಲುಸೀಮೆಯ ದಾಹ ನಿಜವಾದದ್ದೇ. ಆದರೆ ಅಲ್ಲಿನ ಕೆರೆಗಳ ಹೂಳು ತೆಗೆಯದೆ ಇಲ್ಲಿನ ಅಳಿವೆಯನ್ನು ಬರಿದು ಮಾಡುವುದರಿಂದ ಆ ದಾಹ ತೀರುವುದೆಂದು ನಂಬಲು ಕಾರಣಗಳಿಲ್ಲ.

ಉತ್ತರ ಕನ್ನಡದ ಘಟ್ಟದ ಜನ ಹೋರಾಟಕ್ಕೆ ಹೊಸಬರಲ್ಲ. 1983ರಲ್ಲಿ ಸಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಆರಂಭವಾದಾಗ ಮರವನ್ನು ಅಪ್ಪಿಕೊಂಡವರು ತಮ್ಮ ಊರಿನ ನೀರಿನ ಸೆಲೆಯನ್ನು ಉಳಿಸಿಕೊಳ್ಳಲು ಹಾಗೆ ಮಾಡಿದರು. ಬೇಡ್ತಿಯ ಜಲವಿದ್ಯುತ್ ಯೋಜನೆಯನ್ನು ತಡೆದಾಗ ಮುಂದಿಟ್ಟದ್ದು ತೋಟ, ಗದ್ದೆ, ಕಾಡುಗಳ ಲೆಕ್ಕ. ಆ ಲೆಕ್ಕಗಳು ಬಹುಮಟ್ಟಿಗೆ ಘಟ್ಟದ ಅಂಚಿನಲ್ಲಿ ನಿಂತುಬಿಡುತ್ತವೆ. ಮುಳುಗಡೆಯಾಗುವ ಎಕರೆ ಎಷ್ಟು, ಸ್ಥಳಾಂತರವಾಗುವ ಮನೆ ಎಷ್ಟು ಎಂಬಲ್ಲಿಗೆ ವಾದ ಮುಗಿಯುತ್ತದೆ. ಅಂಚಿನಿಂದ ಕೆಳಗೆ ನದಿ ಇನ್ನೂ ಹರಿಯುತ್ತದೆ, ಅದರ ಮೇಲೆ ಇನ್ನೂ ಜನ ಬದುಕುತ್ತಾರೆ ಎಂಬುದು ಆ ವಾದದಲ್ಲಿ ಬರುವುದಿಲ್ಲ. ಆಡಳಿತದ ಕಡತಗಳಲ್ಲೂ ಅದೇ ಕುರುಡು. ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿಯ ಹೆಸರನ್ನೇ ಇಟ್ಟರು. ಹುಲಿಯ ಕಾಡಿನಿಂದ ಇಳಿದ ಸಾರವನ್ನು ತಿಂದು ಬೆಳೆಯುವ ಬಳಚು ಮಾತ್ರ ಬೇರೆ ಇಲಾಖೆಗೆ ಸೇರಿದ್ದು, ಗೇಟು ಮತ್ತೊಂದಕ್ಕೆ, ಮರಳು ಮಗದೊಂದಕ್ಕೆ.

ಅಣೆಕಟ್ಟುಗಳನ್ನು ಒಡೆಯಿರಿ ಎಂದು ಇಲ್ಲಿ ಹೇಳುತ್ತಿಲ್ಲ. ರಾಜ್ಯದ ಸಂಜೆಯ ದೀಪಗಳಲ್ಲಿ ಕಾಳಿಯ ಪಾಲು ದೊಡ್ಡದು. ನಾಗಝರಿಯೊಂದೇ ಸುಮಾರು 900 ಮೆಗಾವಾಟ್ ಸಾಮರ್ಥ್ಯದ್ದು. ಕೇಳಬೇಕಾದದ್ದು ಸಣ್ಣದು. ಕದ್ರಾದಿಂದ ನೀರು ಬಿಡುವ ವೇಳಾಪಟ್ಟಿಯನ್ನು ನಿರ್ಧರಿಸುವಾಗ ಅಳಿವೆಯ ಉಪ್ಪನ್ನೂ ಒಂದು ಅಂಶವಾಗಿ ಪರಿಗಣಿಸಬೇಕು. ಮಳೆ ನಿಂತ ಮೇಲೆ ಬಳಚಿನ ಮರಿ ತೇಲುವ ಮತ್ತು ನೆಲೆಯೂರುವ ವಾರಗಳಲ್ಲಿ ಹರಿವಿನ ಏರಿಳಿತವನ್ನು ಕಡಿಮೆ ಮಾಡಲು ಸಾಧ್ಯ. ಸರಣಿಯಲ್ಲಿ ಕೊನೆಯ ಜಲಾಶಯವೇ ಮೇಲಿನವುಗಳ ಏರಿಳಿತವನ್ನು ನುಂಗಿ ಸಮವಾಗಿ ಹೊರಬಿಡಬಲ್ಲ ಜಾಗ. ಮಳೆಗಾಲದಲ್ಲಿ ಜಲಾಶಯ ತುಂಬಿ ತುಳುಕುವವರೆಗೆ ಕಾಯದೆ ಮೊದಲೇ ಸ್ವಲ್ಪ ಸ್ವಲ್ಪ ಬಿಟ್ಟರೆ ಹಳ್ಳಿಗಳೂ ಉಳಿಯುತ್ತವೆ, ಬಯಲೂ ಉಳಿಯುತ್ತದೆ. ಇದರಿಂದ ಕೆಲವು ಯೂನಿಟ್ ವಿದ್ಯುತ್ ತಪ್ಪಿದ ಹೊತ್ತಿನಲ್ಲಿ ಉತ್ಪಾದನೆಯಾಗಬಹುದು. ಆ ನಷ್ಟ ಎಷ್ಟು, ಬಳಚಿನ ಲಾಭ ಎಷ್ಟು ಎಂದು ಒಂದೇ ಹಾಳೆಯ ಮೇಲೆ ಬರೆದು ಜನರ ಮುಂದಿಡಲಿ.

ಹಾಳೆ ಸರ್ಕಾರದಿಂದಲೇ ಬರಬೇಕೆಂದು ಕಾಯಬೇಕಾಗಿಯೂ ಇಲ್ಲ. ನೀರು ಬಿಟ್ಟ ದಿನ, ಹೊತ್ತು, ಪ್ರಮಾಣಗಳ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾವ ಪ್ರಜೆಯೂ ಕೇಳಬಹುದು. ಮೌಳಂಗಿಯ ದಡದ ಒಂದು ಬಂಡೆಗೆ ಬಣ್ಣದಿಂದ ಅಡಿ, ಅಂಗುಲಗಳ ಗೀಟು ಎಳೆದು, ಶಾಲೆಯ ಮಕ್ಕಳು ಬೆಳಿಗ್ಗೆ ಮತ್ತು ಸಂಜೆ ನೀರಿನ ಮಟ್ಟವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ಖರ್ಚೇನಿಲ್ಲ. ಏರುವ ನೀರಿನ ಅಪಾಯ ಇರುವುದರಿಂದ ಓದುವುದು ದಡದ ಮೇಲಿನಿಂದಲೇ, ಹಿರಿಯರೊಬ್ಬರ ಜೊತೆಯಲ್ಲಿ. ಕೋಡಿಬಾಗ, ಸದಾಶಿವಗಡ ಕಡೆಯ ಕಾಲೇಜು ವಿದ್ಯಾರ್ಥಿಗಳು ಉಪ್ಪು ಅಳೆಯುವ ಕೈಯಳತೆಯ ಸಣ್ಣ ದುರ್ಬೀನಿನಂಥ ಉಪಕರಣದಿಂದ (ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಅಳತೆ ಕಾಣುತ್ತದೆ) ಉಬ್ಬರದಲ್ಲೊಮ್ಮೆ, ಇಳಿತದಲ್ಲೊಮ್ಮೆ ಉಪ್ಪನ್ನು ಬರೆದಿಡಬಹುದು. ಬಳಚು ಹೆಕ್ಕುವ ಹೆಂಗಸರ ಬುಟ್ಟಿಯಲ್ಲಿ ಆ ದಿನ ಸಿಕ್ಕಿದ್ದೆಷ್ಟು, ಜೀವಂತವೆಷ್ಟು, ಬಾಯಿಬಿಟ್ಟು ಸತ್ತದ್ದೆಷ್ಟು ಎಂಬುದು ಮೂರನೆಯ ಕಾಲಂ. ಮೌಳಂಗಿಯ ಮಟ್ಟಕ್ಕೂ ಅಳಿವೆಯ ಉಪ್ಪಿಗೂ ನಡುವೆ ಮೂರು ಜಲಾಶಯಗಳಿರುವುದರಿಂದ ಒಂದು ದಿನದ ಅಂಕಿ ಇನ್ನೊಂದು ದಿನಕ್ಕೆ ನೇರವಾಗಿ ಹೊಂದುವುದಿಲ್ಲ. ಕದ್ರಾದ ದಾಖಲೆಯನ್ನು ನಡುವೆ ಇಟ್ಟು, ಒಂದು ಇಡೀ ವರ್ಷ ಓದಿದಾಗ ಮಾತ್ರ ಚಿತ್ರ ಮೂಡುತ್ತದೆ.

ಆರಂಭಿಸಲು ಸೂಕ್ತವಾದ ಕಾಲ ಅಕ್ಟೋಬರ್‌ನ ಕೊನೆ. ಆಗ ಮಳೆ ಹಿಂದೆ ಸರಿದಿರುತ್ತದೆ, ಅಳಿವೆಯಲ್ಲಿ ಉಪ್ಪು ಮತ್ತೆ ಏರತೊಡಗಿರುತ್ತದೆ, ಸೂಪಾ ತುಂಬಿರುತ್ತದೆ, ಮತ್ತು ಬಳಚಿನ ಹೊಸ ಮರಿಗಳು ನೀರಿನಲ್ಲಿ ತೇಲುವ ದಿನಗಳು ಹತ್ತಿರವಾಗಿರುತ್ತವೆ.